ಊರುಮಟ್ಟದ ಸುದ್ದಿಜಾಲ: ಭಾಷೆ, ಸಂಪಾದನೆ ಮತ್ತು ಉತ್ತರದ ಪ್ರಶ್ನೆ

ಜಿಲ್ಲಾಮಟ್ಟದ ದಿನಪತ್ರಿಕೆಗಳ ವ್ಯಾಪ್ತಿ ಸಾಮಾನ್ಯವಾಗಿ ತಾಲೂಕು ಕೇಂದ್ರದಲ್ಲಿ ಮುಗಿಯುತ್ತದೆ. ಅದರಾಚೆಗಿನ ಊರೊಂದರಲ್ಲಿ ಕೈಪಂಪು ಕೆಟ್ಟದ್ದು, ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಕಡಿಮೆ ತೂಗಿದ್ದು, ಸರ್ಕಾರಿ ಕಾಮಗಾರಿಯ ಕೂಲಿ ತಿಂಗಳುಗಟ್ಟಲೆ ಬಾರದಿದ್ದದ್ದು ಸುದ್ದಿಯೆನಿಸಬೇಕಾದರೆ ಒಂದೋ ಅಲ್ಲಿ ಸಾವು ಸಂಭವಿಸಬೇಕು, ಇಲ್ಲವೇ ಮಂತ್ರಿಗಳು ದಯಮಾಡಿಸಬೇಕು. ಈ ಕೊರತೆಯನ್ನು ತುಂಬಲೆಂದು 2000ದ ನಂತರ ಊರವರೇ ವರದಿ ಮಾಡುವ, ಊರವರೇ ಓದುವ ಅಥವಾ ಕೇಳುವ ಸುದ್ದಿಜಾಲಗಳು ದೇಶದ ಕೆಲವೆಡೆ ರೂಪುಗೊಂಡಿವೆ. ಅವುಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ಯಂತ್ರದ ಸುತ್ತಲೇ ನಡೆದಿದೆ. ಮುದ್ರಣವೋ, ದೂರವಾಣಿಯೋ, ಅಂತರಜಾಲವೋ ಎಂಬುದೇ ಮುಖ್ಯ ಪ್ರಶ್ನೆಯಾಗಿದೆ. ಪ್ರಸ್ತುತ ಲೇಖನದ ನಿಲುವು ಬೇರೆ. ಇಂಥ ಜಾಲವು ಯಾವ ಮಾತಿನಲ್ಲಿ ನಡೆಯುತ್ತದೆ, ಬಂದ ವರದಿಯನ್ನು ಪರಿಶೀಲಿಸಿ ಅದಕ್ಕೆ ಉತ್ತರ ದೊರಕುವವರೆಗೆ ಬೆನ್ನುಹತ್ತುವವರು ಯಾರು ಎಂಬೆರಡರ ಮೇಲೆ ಅದರ ಆಯುಷ್ಯ ನಿಂತಿದೆ ಎಂದು ತೋರುತ್ತದೆ. ಎರಡು ನಿದರ್ಶನಗಳ ಮೂಲಕ ಇದನ್ನು ಪರಿಶೀಲಿಸಬಹುದು.

ಮೊದಲನೆಯದು ಉತ್ತರ ಪ್ರದೇಶದ ಬುಂದೇಲಖಂಡ ಭಾಗದ 'ಖಬರ್ ಲಹರಿಯಾ'. ದೆಹಲಿಯ 'ನಿರಂತರ್' ಎಂಬ ಸ್ತ್ರೀಶಿಕ್ಷಣ ಸಂಸ್ಥೆಯ ನೆರವಿನಿಂದ 2002ರಲ್ಲಿ ಚಿತ್ರಕೂಟ ಜಿಲ್ಲೆಯ ಕರ್ವಿಯಲ್ಲಿ ಇದು ಆರಂಭವಾಯಿತು. ಇದಕ್ಕೂ ಹಿಂದೆ, 1990ರ ದಶಕದಲ್ಲಿ, ಬಾಂದಾ ಭಾಗದ ನವಸಾಕ್ಷರ ಮಹಿಳೆಯರು 'ಮಹಿಳಾ ಡಾಕಿಯಾ' ಎಂಬ ಪತ್ರಿಕೆಯನ್ನು ಹೊರಡಿಸುತ್ತಿದ್ದರು. ಆದ್ದರಿಂದ ಖಬರ್ ಲಹರಿಯಾದ ಬೇರು ಸಾಕ್ಷರತಾ ಆಂದೋಲನದಲ್ಲಿದೆಯೇ ಹೊರತು ಪತ್ರಿಕೋದ್ಯಮದಲ್ಲಿಲ್ಲ. ದಲಿತ, ಆದಿವಾಸಿ, ಮುಸ್ಲಿಂ ಹಾಗೂ ಹಿಂದುಳಿದ ವರ್ಗಗಳ ಮಹಿಳೆಯರೇ ವರದಿಗಾರರು. ವರದಿ ಬರೆದವರೇ ಪತ್ರಿಕೆಯನ್ನು ಹಳ್ಳಿಗೆ ಹೊತ್ತುಕೊಂಡು ಹೋಗಿ ಮಾರುತ್ತಿದ್ದರು. ಈ ವ್ಯವಸ್ಥೆಯ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ತಪ್ಪು ಬರೆದರೆ ಮುಂದಿನ ಸಂಚಿಕೆ ಮಾರಲು ಹೋದಾಗ ಅದೇ ಮನೆಯ ಅಂಗಳದಲ್ಲಿ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಇದಕ್ಕಿಂತ ಬಿಗಿಯಾದ ಪರಿಶೀಲನಾ ಕ್ರಮ ಯಾವ ಮಹಾನಗರದ ಪತ್ರಿಕಾ ಕಚೇರಿಯಲ್ಲೂ ಇರಲಾರದು.

ಪತ್ರಿಕೆಯ ಭಾಷೆ ಪ್ರಮಾಣ ಹಿಂದಿಯಲ್ಲ, ಬುಂದೇಲಿ. ಮುಂದೆ ಅವಧಿ, ಭೋಜಪುರಿ, ಬಜ್ಜಿಕಾ ಮೊದಲಾದವುಗಳಲ್ಲಿಯೂ ಆವೃತ್ತಿಗಳು ಬಂದವು. ಇದನ್ನು ಭಾಷಾಭಿಮಾನದ ಕ್ರಮವೆಂದಷ್ಟೇ ತಿಳಿದರೆ ವಿಷಯದ ಒಳತಿರುಳು ಕೈತಪ್ಪುತ್ತದೆ. ನಮ್ಮ ಶಾಸನಗಳ ರಚನೆಯನ್ನು ಬಲ್ಲವರಿಗೆ ಇಲ್ಲಿ ಒಂದು ಹೋಲಿಕೆ ಹೊಳೆಯದೆ ಇರದು. ದ್ವಿಭಾಷಾ ಶಾಸನಗಳಲ್ಲಿ ಅರಸನ ವಂಶಸ್ತುತಿ ಬಹುಮಟ್ಟಿಗೆ ಸಂಸ್ಕೃತದಲ್ಲಿರುತ್ತದೆ. ದತ್ತಿ ಬಿಟ್ಟ ಭೂಮಿಯ ಎಲ್ಲೆ, ಕೆರೆ, ಕಲ್ಲು, ಮರಗಳ ಗುರುತು ಬಂದೊಡನೆ ಪಾಠ ಕನ್ನಡಕ್ಕೆ ತಿರುಗುತ್ತದೆ. ಸ್ತುತಿಯನ್ನು ಯಾರು ಓದಿದರೂ ಓದದಿದ್ದರೂ ನಡೆದೀತು, ಎಲ್ಲೆ ಮಾತ್ರ ಆ ಊರವರಿಗೆ ತಿಳಿಯಲೇಬೇಕು. ವಿವಾದ ಹುಟ್ಟಿದ ದಿನ ಅದನ್ನು ಓದಿ ವಾದಿಸುವವರು ಅವರೇ. ಬುಂದೇಲಿಯ ಆಯ್ಕೆಯ ಹಿಂದಿರುವುದೂ ಇದೇ ತರ್ಕ. ಸುದ್ದಿಯನ್ನು ಆಧರಿಸಿ ಯಾರು ಕಾರ್ಯಪ್ರವೃತ್ತರಾಗಬೇಕೋ ಅವರ ಮಾತಿನಲ್ಲಿ ಸುದ್ದಿ ಇರಬೇಕು.

ಈ ಪತ್ರಿಕೆಗೆ 2009ರಲ್ಲಿ ಯುನೆಸ್ಕೋದ ಕಿಂಗ್ ಸೆಜೊಂಗ್ ಸಾಕ್ಷರತಾ ಪ್ರಶಸ್ತಿ ಸಂದಿತು. 2010ರ ದಶಕದ ಮಧ್ಯಭಾಗದಲ್ಲಿ ಮುದ್ರಣವನ್ನು ಕೈಬಿಟ್ಟು ಅದು ಮೊಬೈಲ್ ಫೋನು ಮತ್ತು ದೃಶ್ಯವರದಿಗಳ ಕಡೆಗೆ ಹೊರಳಿತು. ಇದನ್ನು ಕುರಿತ 'ರೈಟಿಂಗ್ ವಿತ್ ಫೈರ್' ಎಂಬ ಸಾಕ್ಷ್ಯಚಿತ್ರ 2021ರಲ್ಲಿ ತೆರೆಕಂಡು, 2022ರಲ್ಲಿ ಆಸ್ಕರ್ ಪ್ರಶಸ್ತಿಯ ಅಂತಿಮ ಪಟ್ಟಿಯನ್ನೂ ಸೇರಿತು. ಪ್ರಶಸ್ತಿ ಸಮಾರಂಭಕ್ಕೆ ಮುನ್ನವೇ, ಚಿತ್ರವು ತಮ್ಮ ಕೆಲಸದ ಒಂದು ಭಾಗವನ್ನಷ್ಟೇ ತೋರಿಸಿದೆಯೆಂದು ಖಬರ್ ಲಹರಿಯಾದವರು ಬಹಿರಂಗವಾಗಿ ಆಕ್ಷೇಪಿಸಿದರು. ತಮ್ಮ ಊರನ್ನು ತಾವೇ ಬರೆಯಬೇಕೆಂದು ಹೊರಟವರನ್ನು ಇನ್ನೊಬ್ಬರು ಚಿತ್ರಿಸಿದಾಗ ಹುಟ್ಟಿದ ಈ ತಕರಾರು, ಕ್ಷೇತ್ರಕಾರ್ಯ ನಡೆಸುವ ನಮ್ಮಂಥವರು ಗಮನಿಸತಕ್ಕದ್ದು.

ಎರಡನೆಯ ನಿದರ್ಶನ ಛತ್ತೀಸಗಢದ 'ಸಿಜಿನೆಟ್ ಸ್ವರ'. ಬಿಬಿಸಿಯಲ್ಲಿ ಕೆಲಸ ಮಾಡಿದ್ದ ಪತ್ರಕರ್ತ ಶುಭ್ರಾಂಶು ಚೌಧರಿಯವರು 2010ರಲ್ಲಿ ಇದನ್ನು ಆರಂಭಿಸಿದರು. ಬಸ್ತರ್ ಭಾಗದ ಗೊಂಡಿ ಭಾಷಿಕರಲ್ಲಿ ಅನೇಕರಿಗೆ ಓದುಬರಹ ಬಾರದು. ಗೊಂಡಿಯಲ್ಲಿ ದಿನಪತ್ರಿಕೆಯೂ ಇರಲಿಲ್ಲ. ಸಮುದಾಯ ಬಾನುಲಿಯೇ ಸಹಜ ಪರಿಹಾರವೆಂದು ತೋರಬಹುದು. ಆದರೆ 2006ರ ಕೇಂದ್ರ ಸರ್ಕಾರದ ನೀತಿಯು ಸಮುದಾಯ ಬಾನುಲಿಗೆ ಅವಕಾಶವನ್ನು ವಿಸ್ತರಿಸಿದರೂ ಸುದ್ದಿಯನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ದೂರವಾಣಿಗೆ ಆ ಕಟ್ಟಳೆ ಇರಲಿಲ್ಲ. ಹೀಗಾಗಿ ಸಾಮಾನ್ಯ ಮೊಬೈಲ್ ಫೋನೇ ಬಾನುಲಿಯ ಸ್ಥಾನಕ್ಕೆ ಬಂದಿತು. ಕರೆ ಮಾಡಿ 1ನ್ನು ಒತ್ತಿದರೆ ತಮ್ಮ ವರದಿಯನ್ನು ಧ್ವನಿಮುದ್ರಿಸಬಹುದು, 2ನ್ನು ಒತ್ತಿದರೆ ಇತರರ ವರದಿಗಳನ್ನು ಕೇಳಬಹುದು. ಮುಂದೆ ಮಿಸ್ಡ್ ಕಾಲ್ ಕೊಟ್ಟರೆ ಯಂತ್ರವೇ ಮರಳಿ ಕರೆಮಾಡುವ ಏರ್ಪಾಡಾಗಿ, ಖರ್ಚಿನ ಹೊರೆ ಕರೆಮಾಡಿದವರ ಹೆಗಲಿನಿಂದ ಇಳಿಯಿತು. ಆರಂಭದ ವರ್ಷಗಳಲ್ಲಿ ಬಸ್ತರಿನ ಕರೆಗಳನ್ನು ಸ್ವೀಕರಿಸುತ್ತಿದ್ದ ಯಂತ್ರ ಬೆಂಗಳೂರಿನಲ್ಲಿತ್ತು ಎಂಬುದನ್ನು ಕನ್ನಡ ಓದುಗರು ಗಮನಿಸಬಹುದು.

ಯಂತ್ರದ ಕೆಲಸ ಇಷ್ಟೇ. ಮುಖ್ಯವಾದದ್ದು ಅನಂತರದ ಹಂತ. ಬಂದ ವರದಿಯನ್ನು ಸಂಪಾದಕ ಬಳಗದವರು ಕೇಳಿ, ಪರಿಶೀಲಿಸಿ, ಒಪ್ಪಿತವಾದರೆ ಮಾತ್ರ ಪ್ರಕಟಿಸುತ್ತಾರೆ. ವರದಿಯ ಕೊನೆಯಲ್ಲಿ ಸಂಬಂಧಪಟ್ಟ ಅಧಿಕಾರಿಯ ಹುದ್ದೆ ಹಾಗೂ ದೂರವಾಣಿ ಸಂಖ್ಯೆಯನ್ನು ಹೇಳುವುದು ಇಲ್ಲಿನ ರೂಢಿ. ಕೇಳಿದವರು ಎಲ್ಲಿಂದಲಾದರೂ ಆ ಅಧಿಕಾರಿಗೆ ಕರೆಮಾಡಿ ವಿಚಾರಿಸಬಹುದು. ಕೆಲಸವಾದಾಗ ಮೊದಲು ದೂರಿದವರೇ ಮತ್ತೆ ಕರೆಮಾಡಿ, ಪಂಪು ದುರಸ್ತಿಯಾಯಿತೆಂದೋ ಕೂಲಿ ಕೈಸೇರಿತೆಂದೋ ದಾಖಲಿಸುತ್ತಾರೆ. ಈ ಎರಡನೆಯ ವರದಿಯೇ ಜಾಲದ ಜೀವಾಳ. ಅದನ್ನು ಕೇಳಿದ ಪಕ್ಕದ ಊರಿನವರು ಮೂರನೆಯ ವರದಿ ಮಾಡುತ್ತಾರೆ. ದೂರುಗಳನ್ನು ಮಾತ್ರ ಸಂಗ್ರಹಿಸಿ ಉತ್ತರವನ್ನು ದಾಖಲಿಸದ ವ್ಯವಸ್ಥೆಯಲ್ಲಿ ಜನ ಒಮ್ಮೆ ಹೇಳಿ ಸುಮ್ಮನಾಗುತ್ತಾರೆ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಅಮೆರಿಕದ 'ಪ್ಯಾಚ್'. 2007ರಲ್ಲಿ ಹುಟ್ಟಿದ ಈ ಊರುಮಟ್ಟದ ಸುದ್ದಿಸಂಸ್ಥೆಯನ್ನು 2009ರಲ್ಲಿ ಎಒಎಲ್ ಕಂಪನಿ ಕೊಂಡುಕೊಂಡಿತು. ಕೆಲವೇ ವರ್ಷಗಳಲ್ಲಿ ಅದು ಸುಮಾರು 900 ಊರುಗಳಿಗೆ ಹಬ್ಬಿತು. ಒಂದೇ ಅಚ್ಚಿನ ಪುಟ, ಊರಿಗೊಬ್ಬ ಸಂಪಾದಕ. ಬಂದ ಜಾಹೀರಾತಿನಿಂದ ವೆಚ್ಚ ಹುಟ್ಟಲಿಲ್ಲ. 2014ರ ಜನವರಿಯಲ್ಲಿ ಅದರ ಬಹುಪಾಲು ಒಡೆತನ ಬೇರೆ ಸಂಸ್ಥೆಗೆ ಹೋಗಿ, ನೂರಾರು ಸಿಬ್ಬಂದಿ ಕೆಲಸ ಕಳೆದುಕೊಂಡರು. ಪ್ಯಾಚ್ ಇಂದೂ ನಡೆಯುತ್ತಿದೆಯಾದರೂ ಊರಿಗೊಬ್ಬ ಸಂಪಾದಕನೆಂಬ ಮೂಲ ಕಲ್ಪನೆ ಅಲ್ಲಿ ಉಳಿಯಲಿಲ್ಲ.

ಜಾಲ ಬೆಳೆದಂತೆ ಭಾಷೆಯ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಗೊಂಡಿ ದ್ರಾವಿಡ ಕುಟುಂಬದ ಭಾಷೆ, ಕನ್ನಡದ ದಾಯಾದಿ. 2011ರ ಜನಗಣತಿಯಂತೆ ಅದನ್ನಾಡುವವರು ಸುಮಾರು 30 ಲಕ್ಷ. ಆದರೆ ಅವರು ಹಲವು ರಾಜ್ಯಗಳಲ್ಲಿ ಹರಡಿಕೊಂಡಿರುವುದರಿಂದ ಒಂದೆಡೆಯ ಗೊಂಡಿ ತೆಲುಗಿನ, ಇನ್ನೊಂದೆಡೆಯದು ಮರಾಠಿಯ, ಮತ್ತೊಂದೆಡೆಯದು ಹಿಂದಿಯ ಬಣ್ಣ ಪಡೆದಿದೆ. ಒಂದು ರಾಜ್ಯದ ವರದಿ ಇನ್ನೊಂದು ರಾಜ್ಯದ ಗೊಂಡರಿಗೆ ಪೂರ್ಣವಾಗಿ ತಿಳಿಯದು. ಹೀಗಾಗಿ ಸಿಜಿನೆಟ್ ಸ್ವರದವರೂ ವಿವಿಧ ರಾಜ್ಯಗಳ ಗೊಂಡಿ ಭಾಷಿಕರೂ 2014ರಿಂದ ಕಮ್ಮಟಗಳ ಮೂಲಕ ಸಮಾನ ನಿಘಂಟೊಂದನ್ನು ರೂಪಿಸತೊಡಗಿದರು. ಆ ಸರಣಿಯ 2018ರ ಕಮ್ಮಟ ನಡೆದದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ. ಬುಂದೇಲಿಯ ಪತ್ರಿಕೆ ಪ್ರಮಾಣ ಭಾಷೆಯಿಂದ ದೂರ ಸರಿದು ಬಲ ಪಡೆಯಿತು, ಗೊಂಡಿಯ ಜಾಲ ಪ್ರಮಾಣೀಕರಣವನ್ನೇ ಅರಸಿತು. ಮೇಲ್ನೋಟಕ್ಕೆ ಇದು ವಿರೋಧವೆನಿಸಿದರೂ ವಾಸ್ತವವಾಗಿ ಹಾಗಿಲ್ಲ. ಬುಂದೇಲಿಯ ಓದುಗರು ಒಂದೇ ಪ್ರದೇಶದವರು. ಗೊಂಡಿಯ ಕೇಳುಗರನ್ನು ರಾಜ್ಯಗಳ ಗಡಿಗಳು ಹಂಚಿಹಾಕಿವೆ. ಎರಡೂ ಕಡೆ ನಿರ್ಣಯ ಕೈಗೊಂಡವರು ಆ ಮಾತನ್ನಾಡುವವರೇ ಎಂಬುದು ಗಮನಾರ್ಹ.

ಇಂಥ ಕೆಲಸದ ಅಪಾಯವನ್ನೂ ಹೇಳಬೇಕು. ಸಣ್ಣ ಊರಿನಲ್ಲಿ ಹೆಸರು ಮರೆಮಾಡುವುದು ಹೆಚ್ಚು ಫಲಕೊಡದು. ಯಾರು ಹೇಳಿರಬಹುದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಖಬರ್ ಲಹರಿಯಾದ ವರದಿಗಾರ್ತಿಯರನ್ನು ವ್ಯಕ್ತಿಯೊಬ್ಬ ತಿಂಗಳುಗಟ್ಟಲೆ ಫೋನಿನಲ್ಲಿ ಪೀಡಿಸಿದ ಸಂಗತಿ 2015ರಲ್ಲಿ ದೇಶದ ಗಮನ ಸೆಳೆಯಿತು. ಯಾವ ವರದಿಯನ್ನು ತಡೆಹಿಡಿಯಬೇಕು, ಯಾವುದನ್ನು ವ್ಯಕ್ತಿಯ ಹೆಸರಿಲ್ಲದೆ ಜಾಲದ ಹೆಸರಿನಲ್ಲೇ ಪ್ರಕಟಿಸಬೇಕು ಎಂಬ ವಿವೇಚನೆ ಸಂಪಾದಕರದು. ಆ ವಿವೇಚನೆಗೆ ಊರಿನ ಒಳಗುಟ್ಟು ತಿಳಿದಿರಬೇಕು.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇದರಿಂದೇನು ಎಂಬ ಪ್ರಶ್ನೆ ಏಳುವುದು ಸಹಜ. ಮುಂಬಯಿ, ಚೆನ್ನೈ, ದೆಹಲಿಗಳ ಕನ್ನಡಿಗರು ನಗರದ ತುಂಬ ಚದುರಿದ್ದಾರೆ. ಅವರಿಗೆ ಸಮಾನ ಭಾಷೆಯಿದೆ, ಸಮಾನ ಬೀದಿಯಿಲ್ಲ. ನಮ್ಮ ಸಂಘಗಳ ವಾರ್ತಾಪತ್ರಗಳು ಸಮಾರಂಭಗಳ ವರದಿಗೆ ಸೀಮಿತವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಚೆನ್ನೈಯಲ್ಲಿ 1994ರಿಂದ ಬರುತ್ತಿರುವ 'ಮೈಲಾಪುರ್ ಟೈಮ್ಸ್' ಬಡಾವಣೆಯ ಪತ್ರಿಕೆಯಾಗಿ ನಿಂತದ್ದು ಅಲ್ಲಿ ನೆರೆಹೊರೆಯೆಂಬುದು ಇದ್ದುದರಿಂದ. ಮಹಾನಗರಗಳಲ್ಲಿ ಕನ್ನಡದ ಊರುಮಟ್ಟದ ಜಾಲವನ್ನು ಕಟ್ಟುವ ಉತ್ಸಾಹ ಸದ್ಯಕ್ಕೆ ಫಲಿಸಲಾರದೆಂದೇ ನನ್ನ ಅನಿಸಿಕೆ.

ಜತ್ತ, ಅಕ್ಕಲಕೋಟೆ, ನಾರಾಯಣಪೇಟೆ, ತಾಳವಾಡಿ, ಕಾಸರಗೋಡುಗಳ ಮಾತು ಬೇರೆ. ಅಲ್ಲಿ ಕನ್ನಡಕ್ಕೆ ಊರುಗಳಿವೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗದ ಹಳ್ಳಿಗಳಿಗೆ ನೀರಿನ ಕೊರತೆ ಹಳೆಯದು. ಆದರೂ ಅವುಗಳ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2022ರ ನವೆಂಬರಿನಲ್ಲಿ, ಗಡಿವಿವಾದ ಮರುಕಳಿಸಿದಾಗ. ವಿವಾದ ತಣ್ಣಗಾದ ಮೇಲೆ ಸುದ್ದಿಯೂ ತಣ್ಣಗಾಯಿತು. ಗಡಿಯ ಬಗ್ಗೆ ಮಾತನಾಡುವವರು ಬಹಳ ಮಂದಿ ಇದ್ದಾರೆ. ಬೋರವೆಲ್ಲಿನ ಬಗ್ಗೆ, ಕನ್ನಡ ಶಾಲೆಯ ಖಾಲಿ ಹುದ್ದೆಯ ಬಗ್ಗೆ ವಾರವಾರವೂ ವರದಿ ಮಾಡುವವರು ಬೇಕು. ಪುಣೆ, ಹೈದರಾಬಾದುಗಳ ಸಂಶೋಧಕರಿಗೆ ಈ ಊರುಗಳು ದೂರವಲ್ಲ, ಅವರಲ್ಲಿ ಕೆಲವರು ಅಲ್ಲಿಂದಲೇ ಬಂದವರು.

ಅಂಥ ಜಾಲಕ್ಕೆ ಯಾವ ಕನ್ನಡ ಎಂಬುದನ್ನು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಜತ್ತದ ಕನ್ನಡದಲ್ಲಿ ಮರಾಠಿ ಶಬ್ದಗಳು ಹೇರಳ, ಆಡಳಿತದ ಶಬ್ದಗಳಂತೂ ಬಹುಪಾಲು ಮರಾಠಿಯವೇ. ಅವನ್ನು ತಿದ್ದಿ ಗ್ರಂಥಸ್ಥ ಕನ್ನಡಕ್ಕೆ ತಂದರೆ ಊರವರಿಗೆ ಪರಕೀಯವಾಗುತ್ತದೆ, ಭಾಷಾಶಾಸ್ತ್ರಜ್ಞರಿಗೂ ನಷ್ಟ. ಹೇಳಿದ ಮಾತನ್ನು ಹೇಳಿದಂತೆಯೇ ದಿನಾಂಕ, ಊರುಗಳೊಡನೆ ಉಳಿಸಿಕೊಳ್ಳುವುದು ಲೇಸು. ಅತ್ತ ತಹಶೀಲ್ದಾರರ ಕಚೇರಿಗೆ ಹೋಗುವ ಅರ್ಜಿ ಮರಾಠಿಯಲ್ಲೇ ಇರಬೇಕು. ಕನ್ನಡದಲ್ಲಿ ಕೇಳಿ, ಮರಾಠಿಯಲ್ಲಿ ಬರೆದು, ಬಂದ ಉತ್ತರವನ್ನು ಮತ್ತೆ ಕನ್ನಡದಲ್ಲಿ ಊರಿಗೆ ತಲುಪಿಸಬಲ್ಲ ಇಬ್ಬರು ಮೂವರು ಸಿಕ್ಕಿದರೆ ಕೆಲಸ ಆರಂಭಿಸಬಹುದು; ಫೋನು ಈಗಾಗಲೇ ಎಲ್ಲರ ಕೈಯಲ್ಲಿದೆ.