‘ಸರ್ವರ್ ಇಲ್ಲ’ ಅಂದರೆ ಸುಮ್ಮನೆ ವಾಪಸ್ ಬರಬೇಡಿ



“ಸರ್ವರ್ ಇಲ್ಲಮ್ಮ, ನಾಳೆ ಬನ್ನಿ.” ಈ ಮಾತು ಕೇಳದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ, ಪಹಣಿ ತೆಗೆಸುವಾಗ, ಬ್ಯಾಂಕಿನಲ್ಲಿ ಕೇಳಿಯೇ ಇರುತ್ತೀರಿ. ಈಗ ಅದು ನಮ್ಮ ಕೊಟ್ಟಿಗೆಗೂ ಬಂದಿದೆ. ಹಸುವಿನ ಕಿವಿಯೋಲೆ ಸಂಖ್ಯೆ, ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ಹಾಲಿನ ಬಟವಾಡೆ, ಹಾಲಿನ ಪ್ರೋತ್ಸಾಹಧನ ಎಲ್ಲದರ ಲೆಕ್ಕವೂ ಕಂಪ್ಯೂಟರಿನಲ್ಲೇ. ಹಸು ನೋಡುವ ಡಾಕ್ಟರಮ್ಮನಿಗೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ಹೋದ ವರ್ಷದ ಒಂದು ಸಂಗತಿ ಹೇಳುತ್ತೇನೆ. ಅದರಲ್ಲಿ ತಪ್ಪು ನನ್ನದೂ ಇತ್ತು.

ನಮ್ಮ ಭಾಗದ ಒಬ್ಬ ಅಕ್ಕನ ಎಚ್‌ಎಫ್ ಹಸು ಹೊಟ್ಟೆಯುಬ್ಬರದಿಂದ ರಾತ್ರೋರಾತ್ರಿ ಸತ್ತುಹೋಯಿತು. ವಿಮೆ ಮಾಡಿಸಿದ್ದರು, ಅದೊಂದೇ ಸಮಾಧಾನ. ಬೆಳಿಗ್ಗೆ ಹೋಗಿ ಮರಣೋತ್ತರ ಪರೀಕ್ಷೆ ಮಾಡಿ ಪ್ರಮಾಣಪತ್ರ ಬರೆದುಕೊಟ್ಟೆ. ಅದನ್ನು ಹಿಡಿದುಕೊಂಡು ಅವರು ಮೂರು ಸಲ ಪೇಟೆಗೆ ಹೋದರು. ಮೂರು ಸಲವೂ ‘ಸರ್ವರ್ ಪ್ರಾಬ್ಲಂ’ ಅಂತ ವಾಪಸ್ ಕಳಿಸಿದರು. ಮನೆಯಲ್ಲಿ ಇನ್ನೊಂದು ಕರೆಯುವ ಹಸು, ಸಂಜೆ ಹಾಲಿನ ಹೊತ್ತಿಗೆ ಬಸ್ಸು ಹಿಡಿದು ಓಡಿ ಬರಬೇಕು. ನಾಲ್ಕನೆಯ ಸಲ ನಾನೂ ಜೊತೆಗೆ ಹೋದೆ. ಪರದೆಯ ಮೇಲೆ ಒಂದು ಕೆಂಪು ಸಾಲು ಇಂಗ್ಲಿಷಿನಲ್ಲಿತ್ತು. ಓದಿದರೆ ‘ಈ ಸಂಖ್ಯೆಯ ದಾಖಲೆ ಸಿಗಲಿಲ್ಲ’ ಅಂತ. ಸರ್ವರಿಗೆ ಏನೂ ಆಗಿರಲಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಡುತ್ತಿತ್ತು. ನಾನು ಅವಸರದಲ್ಲಿ ಬರೆದ 1 ಅವರ ಕಣ್ಣಿಗೆ 7 ಆಗಿ ಕಂಡಿತ್ತು, ಅಷ್ಟೇ. ಪುಣ್ಯಕ್ಕೆ ಅಕ್ಕನ ಮಗಳು ಸತ್ತ ಹಸುವಿನ ಕಿವಿಯೋಲೆಯ ಫೋಟೋ ತೆಗೆದಿಟ್ಟಿದ್ದಳು. 12 ಅಂಕಿಗಳನ್ನೂ ಒಂದೊಂದಾಗಿ ಓದಿ ಒತ್ತಿದ ಕೂಡಲೇ ಹಸುವಿನ ವಿವರ ತೆರೆಯಿತು, ಅರ್ಜಿ ಮುಂದಕ್ಕೆ ಹೋಯಿತು. ಈಗ ನಾನು 7 ಬರೆದರೆ ನಡುವೆ ಒಂದು ಅಡ್ಡಗೆರೆ ಎಳೆಯುತ್ತೇನೆ.

‘ಹಸುವಿಗೆ ಹುಷಾರಿಲ್ಲ’ ಅಂತ ನೀವು ಫೋನ್ ಮಾಡಿದರೆ ನಾನು ಅಷ್ಟಕ್ಕೇ ಔಷಧಿ ಕೊಡುವುದಿಲ್ಲ. ಮೇವು ತಿಂತಾ, ಮೆಲುಕು ಹಾಕ್ತಾ, ಸಗಣಿ ಹೇಗಿದೆ ಅಂತ ಕೇಳುತ್ತೇನೆ. ‘ಸರ್ವರ್ ಇಲ್ಲ’ ಅನ್ನುವುದೂ ಹಾಗೆಯೇ, ಬರೀ ‘ಹುಷಾರಿಲ್ಲ’ ಅಂದಂತೆ. ಸರ್ವರ್ ಎಂದರೆ ಎಲ್ಲೋ ದೂರದಲ್ಲಿರುವ ಕಂಪ್ಯೂಟರು. ನಿಮ್ಮ ಮೊಬೈಲು ಕೇಳಿದ್ದನ್ನು ತನ್ನ ಉಗ್ರಾಣದಿಂದ ಹುಡುಕಿ ಕೊಡುತ್ತದೆ. ಕೊಡಲಾಗದಿದ್ದರೆ ಯಾಕೆ ಆಗಲಿಲ್ಲ ಅಂತ ಬಹಳ ಸಲ ಮೂರಂಕಿಯ ಒಂದು ಸಂಖ್ಯೆಯಲ್ಲಿ ಹೇಳುತ್ತದೆ. ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ, ಮೊದಲ ಅಂಕಿಯನ್ನು ನೋಡಿ.

4ರಿಂದ ಶುರುವಾದರೆ ಸಾಮಾನ್ಯವಾಗಿ ನಾವು ಕೇಳಿದ ರೀತಿಯಲ್ಲೇ ಏನೋ ತಪ್ಪಿದೆ. 404 ಅಂದರೆ ಕೇಳಿದ್ದು ಅಲ್ಲಿ ಇಲ್ಲ. 401, 403 ಬಂದರೆ ಪಾಸ್‌ವರ್ಡಿನದೋ ಅನುಮತಿಯದೋ ತೊಡಕು. ಇವಕ್ಕೆ ನಾಳೆ ಬಂದರೂ ಅದೇ ಉತ್ತರ. ‘ನಂಬರನ್ನು ಇನ್ನೊಂದು ಸಲ ನೋಡಿ ಒತ್ತಿ ಸ್ವಾಮಿ’ ಅಂತ ಅಲ್ಲೇ ಕೇಳಿ, ಸಂಕೋಚ ಬೇಡ.

5ರಿಂದ ಶುರುವಾದರೆ ತೊಂದರೆ ಆ ಕಡೆಯದು. 500 ಅಂದರೆ ಒಳಗೇ ಏನೋ ಕೆಟ್ಟಿದೆ. 503 ಅಂದರೆ ಸದ್ಯಕ್ಕೆ ಆಗುವುದಿಲ್ಲ. ಒಟ್ಟಿಗೆ ಬಹಳ ಜನ ಕೇಳುತ್ತಿರಬಹುದು, ಇಲ್ಲವೇ ರಿಪೇರಿ ನಡೆದಿರಬಹುದು. ಆಗ ನಾಳೆ ಬನ್ನಿ ಅನ್ನುವ ಮಾತು ನ್ಯಾಯವೇ.

504 ಬಂದರೆ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಒಂದು ಯಂತ್ರ ಇನ್ನೊಂದರ ಉತ್ತರಕ್ಕೆ ಕಾದು ಕಾದು ಕೈಬಿಟ್ಟಿದೆ ಅಂತ ಅದರ ಅರ್ಥ. ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಕೆಲಸ ಆಗಲಿಲ್ಲ ಅಂತಲ್ಲ. ಪಶು ಆಹಾರದ ಮೂಟೆಗೆ ಫೋನಿನಲ್ಲಿ ದುಡ್ಡು ಕಳಿಸುವಾಗ ಚಕ್ರ ತಿರುಗಿ ತಿರುಗಿ ‘ಟೈಮ್‌ಔಟ್’ ಅಂದರೂ ಇದೇ ಮಾತು. ನೀವು ಕಳಿಸಿದ್ದು ತಲುಪಿರಬಹುದು, ಒಪ್ಪಿಕೊಂಡ ಸುದ್ದಿ ದಾರಿಯಲ್ಲಿ ನಿಂತಿರಬಹುದು. ಆಗಲಿಲ್ಲ ಅಂತ ಮತ್ತೆ ಒತ್ತಿದರೆ ಎರಡು ಸಲ ದುಡ್ಡು ಹೋಗಬಹುದು. ಮೊದಲು ಬ್ಯಾಂಕಿನ ಮೆಸೇಜು, ಖಾತೆಯ ಬಾಕಿ ನೋಡಿ. ನಾವು ಲಸಿಕೆ ದಾಖಲಿಸುವಾಗಲೂ ಇದೇ ಎಚ್ಚರ ಬೇಕು. ಇಲ್ಲದಿದ್ದರೆ ಒಂದೇ ಹಸುವಿಗೆ ಎರಡು ಲಸಿಕೆ ಹಾಕಿದ ಲೆಕ್ಕ ಕೂತುಬಿಡುತ್ತದೆ.

ಯಾವ ಸಂಖ್ಯೆಯೂ ಇಲ್ಲದೆ ‘ಇಂಟರ್ನೆಟ್ ಇಲ್ಲ’ ಅಂತ ಬಂದರೆ ನಿಮ್ಮ ಪ್ರಶ್ನೆ ಇನ್ನೂ ಊರೇ ಬಿಟ್ಟಿಲ್ಲ. ಡೇಟಾ ಮುಗಿದಿದೆಯಾ ನೋಡಿ, ಕೊಟ್ಟಿಗೆಯಿಂದ ಬಯಲಿಗೆ ಬಂದು ಪ್ರಯತ್ನಿಸಿ.

‘ಈ ಸಂಪರ್ಕ ಸುರಕ್ಷಿತವಲ್ಲ’ ಅನ್ನುವ ಎಚ್ಚರಿಕೆಯೂ ಕೆಲವೊಮ್ಮೆ ಬರುತ್ತದೆ. ಮೊದಲು ಫೋನಿನ ತಾರೀಖು ನೋಡಿ. ಬ್ಯಾಟರಿ ಪೂರ್ತಿ ಇಳಿದು ತಾರೀಖು ಹಳೆಯದಾಗಿದ್ದರೂ ಹೀಗಾಗುತ್ತದೆ, ಸರಿಪಡಿಸಿದರೆ ಹೋಗುತ್ತದೆ. ತಾರೀಖು ಸರಿಯಿದ್ದೂ ಎಚ್ಚರಿಕೆ ಹೋಗದಿದ್ದರೆ ಅಲ್ಲಿ ಆಧಾರ್ ಸಂಖ್ಯೆ, ಪಾಸ್‌ವರ್ಡ್ ಹಾಕಬೇಡಿ.

ಡೇರಿಯ ಬಗ್ಗೆ ಒಂದು ಮಾತು. ಹಾಲಿನ ತೂಕ, ಫ್ಯಾಟ್, ಎಸ್‌ಎನ್‌ಎಫ್ ಅಳೆಯುವುದು ನಿಮ್ಮ ಕಣ್ಣೆದುರಿನ ಯಂತ್ರ, ದೂರದ ಸರ್ವರ್ ಅಲ್ಲ. ಫ್ಯಾಟ್ ಕಡಿಮೆ ಬಂದಾಗ ಯಾರಾದರೂ ಸರ್ವರಿನ ಮೇಲೆ ಹಾಕಿದರೆ ಒಪ್ಪಬೇಡಿ. ಯಂತ್ರ ತೊಳೆದಿದ್ದಾರಾ, ಹಾಲನ್ನು ಚೆನ್ನಾಗಿ ಕಲಕಿ ಸ್ಯಾಂಪಲ್ ತೆಗೆದರಾ ಅಂತ ಕೇಳಿ. ಚೀಟಿ ಬರದಿದ್ದರೆ ಆ ಹೊತ್ತಿನ ಅಳತೆಯನ್ನು ಪುಸ್ತಕದಲ್ಲಿ ಬರೆಸಿಕೊಂಡೇ ಮನೆಗೆ ಹೋಗಿ.

ಇನ್ನು, ‘ಸರ್ವರ್ ಎರರ್‌ನಿಂದ ನಿಮ್ಮ ಪ್ರೋತ್ಸಾಹಧನ ನಿಂತಿದೆ, ಓಟಿಪಿ ಹೇಳಿ’ ಅಂತ ಫೋನ್ ಬಂದರೆ ಅದು ಮೋಸ. ಸರ್ವರ್ ಸರಿಮಾಡಲು ನಿಮ್ಮ ಓಟಿಪಿ ಯಾರಿಗೂ ಬೇಕಾಗಿಲ್ಲ. ಅಕಸ್ಮಾತ್ ಹೇಳಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಇವತ್ತು ಸಂಜೆ ಹಾಲು ಕರೆದ ಮೇಲೆ ನಿಮ್ಮ ಪ್ರತಿ ಹಸುವಿನ ಕಿವಿಯೋಲೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಓಲೆ ಮೇಲೆ ಸಗಣಿ ಮೆತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲ್ಲ ಅಂಕಿ ಕಾಣುವಂತೆ ತೆಗೆಯಿರಿ. ಓಲೆ ಬಿದ್ದುಹೋಗಿದ್ದರೆ ನನಗೆ ಹೇಳಿ, ಬಂದು ಹೊಸದು ಹಾಕುತ್ತೇನೆ.