ಪುಟದೊಳಗಿನ ಲಂಗರು

ಪಂಚಾಂಗವನ್ನು ಕೈಗೆತ್ತಿಕೊಂಡವರಾರೂ ಅದನ್ನು ಮೊದಲ ಪುಟದಿಂದ ಓದುತ್ತ ಹೋಗುವುದಿಲ್ಲ. ಬೇಕಾದ ಮಾಸವು ಹೊತ್ತಗೆಯ ಯಾವ ಭಾಗದಲ್ಲಿದೆ ಎಂಬುದನ್ನು ಹೆಬ್ಬೆರಳೇ ಬಲ್ಲುದು. ಆದರೆ ಜಾಲತಾಣದ ಪುಟಕ್ಕೆ ದಪ್ಪವೆಂಬುದಿಲ್ಲ. ಐವತ್ತು ಹಾಳೆಗಳಷ್ಟು ಬರಹವೂ ಅಲ್ಲಿ ಒಂದೇ ಉದ್ದನೆಯ ಸುರುಳಿ. ಹೆಬ್ಬೆರಳಿಗೆ ಅಲ್ಲಿ ಉಜ್ಜುವ ಕೆಲಸ ಉಂಟೇ ಹೊರತು ಬೇಕಾದುದನ್ನು ಹಿಡಿಯುವ ಬಲವಿಲ್ಲ. ಈ ಕೊರತೆಯನ್ನು ನೀಗಿಸಲು ಹುಟ್ಟಿದ ಉಪಾಯವೇ ಲಂಗರು ಕೊಂಡಿ.

ಹೆಸರೇನೋ ಹಡಗಿನವರದು. ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. 1991ರಲ್ಲಿ ಅದು ಹೊರಗಿನವರಿಗೂ ದೊರೆಯಿತು. ಪುಟಗಳನ್ನು ಬರೆಯಲು ರೂಪಿಸಿದ ಎಚ್‌ಟಿಎಂಎಲ್ ಭಾಷೆಯಲ್ಲಿ ಕೊಂಡಿಯ ಗುರುತು 'ಎ' ಎಂಬ ಒಂದೇ ಅಕ್ಷರ. ಅದು ಲಂಗರು ಎಂಬರ್ಥದ 'ಆಂಕರ್' ಪದದ ಮೊದಲಕ್ಷರ. ಹೊರಡುವ ಎಡೆಯನ್ನೂ ತಲಪುವ ಎಡೆಯನ್ನೂ ಮೊದಲಿಗೆ ಈ ಒಂದು ಗುರುತಿನಿಂದಲೇ ಸೂಚಿಸುತ್ತಿದ್ದರು. ಈಗ ತಲಪಬೇಕಾದುದು ಶಿರೋನಾಮೆಯಾಗಲಿ, ಕೋಷ್ಟಕವಾಗಲಿ, ಅದಕ್ಕೊಂದು 'ಐಡಿ', ಎಂದರೆ ಗುರುತಿನ ಹೆಸರು, ಕೊಟ್ಟರೆ ಸಾಕು.

ವಿಳಾಸದ ಕೊನೆಯಲ್ಲಿ # ಎಂಬ ಚಿಹ್ನೆಯನ್ನಿಟ್ಟು ಅದರ ಮುಂದೆ ಆ ಹೆಸರನ್ನು ಬರೆಯುತ್ತಾರೆ. ಇಲ್ಲೊಂದು ಸ್ವಾರಸ್ಯವುಂಟು. ಪುಟವನ್ನು ದೂರದ ಸರ್ವರಿನಿಂದ ಕೇಳುವಾಗ ಬ್ರೌಸರು ಆ ಚಿಹ್ನೆಯನ್ನಾಗಲಿ ಅದರ ಮುಂದಿನ ಹೆಸರನ್ನಾಗಲಿ ಕಳುಹಿಸುವುದೇ ಇಲ್ಲ. ತನ್ನಲ್ಲೇ ಇರಿಸಿಕೊಂಡು, ಪುಟ ಬಂದಮೇಲೆ ಆ ಹೆಸರನ್ನು ಹುಡುಕಿ ಓದುಗನನ್ನು ಅಲ್ಲಿಗೆ ಮುಟ್ಟಿಸುತ್ತದೆ. ಅಂಚೆಯವನು ಮನೆಯ ಬಾಗಿಲನ್ನು ಬಲ್ಲ. ಒಳಗಿನ ಕೋಣೆ ಅವನಿಗೆ ಸಂಬಂಧಿಸಿದ್ದಲ್ಲ.

ಅಪಾಯವಿರುವುದೂ ಇಲ್ಲಿಯೇ. ಪುಟವೇ ಇಲ್ಲದಿದ್ದರೆ ಸರ್ವರು 'ಇಲ್ಲ' ಎಂದು ಉತ್ತರಿಸುತ್ತದೆ. ಪುಟವಿದ್ದು ಹೆಸರು ಮಾತ್ರ ಇಲ್ಲದಿದ್ದರೆ ಯಾರೂ ಏನೂ ಹೇಳುವುದಿಲ್ಲ. ಪುಟವು ಮೊದಲಿನಿಂದ ತೆರೆದುಕೊಳ್ಳುತ್ತದೆ, ಅಷ್ಟೆ. ಪ್ರಥಮ ಚಿಕಿತ್ಸೆಯ ಉದ್ದನೆಯ ಪುಟವೊಂದರಲ್ಲಿ 'ಹಾವು' ಎಂಬ ಲಂಗರಿದೆಯೆನ್ನಿ. ಅದರ ವಿಳಾಸವನ್ನು ಊರಿನವರು ಒಬ್ಬರಿಂದೊಬ್ಬರಿಗೆ ದಾಟಿಸಿ ಮೊಬೈಲಿನಲ್ಲಿ ಉಳಿಸಿಕೊಂಡಿರುತ್ತಾರೆ. ಮುಂದೊಂದು ದಿನ ಸಂಪಾದಕನೊಬ್ಬನು ಆ ಹೆಸರನ್ನು 'ಸರ್ಪದಂಶ' ಎಂದು ಸಂಸ್ಕರಿಸುತ್ತಾನೆ. ಗದ್ದೆಯಲ್ಲಿ ಹಾವು ಕಚ್ಚಿದ ರಾತ್ರಿ ಕೊಂಡಿಯನ್ನು ಒತ್ತಿದವನಿಗೆ ಕಾಣುವುದು ಪುಟದ ತಲೆಯಲ್ಲಿರುವ ಸುಟ್ಟಗಾಯದ ವಿಚಾರ. ಗಾಯವನ್ನು ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಕಚ್ಚಿದ ಅಂಗವನ್ನು ಅಲುಗಾಡಿಸದೆ ಕೂಡಲೆ ಆಸ್ಪತ್ರೆಗೆ ಸಾಗಿಸಬೇಕೆಂಬ ಮಾತುಗಳು ಎಲ್ಲೋ ಕೆಳಗೆ ಉಳಿದಿರುತ್ತವೆ. ಆದುದರಿಂದ ಶಿರೋನಾಮೆಯನ್ನು ಬೇಕಾದಂತೆ ತಿದ್ದಲಿ, ಒಮ್ಮೆ ಕೊಟ್ಟ ಐಡಿಯನ್ನು ಮುಟ್ಟಬಾರದು. ಶಿರೋನಾಮೆಯಿಂದಲೇ ಐಡಿಯನ್ನು ತಾನಾಗಿ ಹೊಸೆಯುವ ತಂತ್ರಾಂಶಗಳು ಹಲವಿವೆ. ಅವನ್ನು ಬಳಸುವವರು ಇನ್ನಷ್ಟು ಎಚ್ಚರ ವಹಿಸಬೇಕು.

ಹೆಸರನ್ನು ಕನ್ನಡದಲ್ಲಿಯೇ ಇಡಬಹುದೇ? ಧಾರಾಳವಾಗಿ ಇಡಬಹುದು, ಹೆಸರಿನ ನಡುವೆ ತೆರಪು ಇರಬಾರದು, ಒಂದೇ ಪುಟದಲ್ಲಿ ಅದೇ ಹೆಸರು ಮತ್ತೆ ಬರಬಾರದು. ಆದರೆ ಇಂಥ ವಿಳಾಸವನ್ನು ನಕಲು ಮಾಡಿದಾಗ ಅನೇಕ ವೇಳೆ ಅದು ಶೇಕಡಾ ಚಿಹ್ನೆಗಳ ಸಾಲಾಗಿಬಿಡುತ್ತದೆ. 'ಹಾವು' ಎಂಬುದರಲ್ಲಿ ಯೂನಿಕೋಡಿನ ಲೆಕ್ಕಕ್ಕೆ 4 ಸಂಕೇತಗಳು. ಪ್ರತಿಯೊಂದಕ್ಕೂ 3 ಬೈಟು. ಪ್ರತಿ ಬೈಟಿಗೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ ಅಥವಾ ಅಕ್ಷರ. ಎರಡಕ್ಷರದ ಹಾವು 36 ಗುರುತುಗಳಷ್ಟು ಬೆಳೆಯುತ್ತದೆ! ಕೆಡುಕೇನೂ ಇಲ್ಲ, ನೋಡಲು ವಿಕಾರ ಮಾತ್ರ.

ಕಣ್ಣು ಕಾಣದವರಿಗೆ ಈ ಕೊಂಡಿಯಿಂದಾಗುವ ಉಪಕಾರವು ದೊಡ್ಡದು. ಅವರ ಪಾಲಿಗೆ ಪುಟವನ್ನು ತಂತ್ರಾಂಶವು ಗಟ್ಟಿಯಾಗಿ ಓದುತ್ತದೆ. ತಾಣದ ಪ್ರತಿ ಪುಟದ ತಲೆಯಲ್ಲೂ ಇರುವ ಅದೇ ವಿಷಯಸೂಚಿಯನ್ನು ಅವರು ಮತ್ತೆಮತ್ತೆ ಕೇಳಬೇಕಾದೀತು. ಅದಕ್ಕಾಗಿ ಬಲ್ಲವರು ಎಲ್ಲಕ್ಕಿಂತ ಮೊದಲು 'ಮುಖ್ಯ ವಿಷಯಕ್ಕೆ ಹೋಗಿ' ಎಂಬ ಕೊಂಡಿಯೊಂದನ್ನು ಇಡುತ್ತಾರೆ. ಕಣ್ಣುಳ್ಳವರಿಗೆ ಅದು ಬಹುಮಟ್ಟಿಗೆ ಕಾಣುವುದೂ ಇಲ್ಲ. ಪುಟ ತೆರೆದೊಡನೆ ಕೀಲಿಮಣೆಯ ಟ್ಯಾಬ್ ಗುಂಡಿಯನ್ನು ಒಮ್ಮೆ ಒತ್ತಿದರೆ ಮರೆಯಿಂದ ಹೊರಬರುತ್ತದೆ.