ಭೂಸಂಪರ್ಕ: ಮನೆಯ ಕಾಣದ ಕಾವಲು

ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಬಾಚಿಕಾಯಕದ ಬಸವಯ್ಯನಂತಹ ಮರಗೆಲಸದವರಿಗೂ ಗೌರವದ ಸ್ಥಾನವಿತ್ತು. ಉಪಕರಣದ ಗುಣವನ್ನರಿತು ಬಳಸುವುದೂ ಕಾಯಕದ ಅಂಗವೆಂದೇ ನಾವು ಭಾವಿಸುತ್ತೇವೆ. ಇಂದು ಮನೆಮನೆಯ ಉಪಕರಣಗಳು ವಿದ್ಯುತ್ತಿನಿಂದ ನಡೆಯುತ್ತಿರುವಾಗ, ಆ ಶಕ್ತಿಯ ಸ್ವಭಾವವನ್ನು ತಿಳಿಯದಿರುವುದು ಸದ್ಗೃಹಸ್ಥರಿಗೆ ತರವಲ್ಲ.

ಮಲ್ಲಯ್ಯನ ಕ್ಷೇತ್ರವಾದ ಮಂಗಸೂಳಿ ಹಾಗೂ ಕಾಗವಾಡ, ಅಥಣಿಗಳ ಸೀಮೆಯು ಕಬ್ಬಿನ ನಾಡು. ಹೊಲದಲ್ಲಿ ಪಂಪು, ಬಚ್ಚಲಲ್ಲಿ ನೀರು ಕಾಯಿಸುವ ಕಾಯಿಲ್, ಪಡಸಾಲೆಯಲ್ಲಿ ಗ್ರೈಂಡರ್ ಇಲ್ಲದ ಮನೆ ವಿರಳ. ಇವುಗಳ ಲೋಹದ ಮೈಗೆ ಒಳಗಿನ ತಂತಿ ತಗುಲಿದರೆ ಪ್ರಾಣಾಪಾಯ ತಪ್ಪಿದ್ದಲ್ಲ. ಫ್ಯೂಜು ಇದೆಯಲ್ಲ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಆದರೆ ಫ್ಯೂಜು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 5 ಆಂಪಿಯರಿನ ಫ್ಯೂಜು ಸುಡಲು 5 ಆಂಪಿಯರಿಗಿಂತ ಹೆಚ್ಚು ಪ್ರವಾಹ ಬೇಕು. ಹೃದಯದ ಬಡಿತ ಕೆಡಲು ಅದರ ನೂರನೆಯ ಒಂದು ಪಾಲೇ ಸಾಕಾಗಬಹುದು.

ಲೆಕ್ಕವು ಸರಳವಾಗಿದೆ. ಮನೆಯ ವಿದ್ಯುತ್ತು 230 ವೋಲ್ಟ್. ಉಳಿದ ತಡೆಗಳನ್ನು ಬಿಟ್ಟು ನೋಡಿದರೆ, ಅರ್ಥಿಂಗ್ ಕುಳಿಯ ತಡೆ 5 ಓಮ್ ಇದ್ದಾಗ ದೋಷದ ಪ್ರವಾಹ 46 ಆಂಪಿಯರ್ ಹರಿದು ಫ್ಯೂಜು ಕೂಡಲೇ ಸುಡುತ್ತದೆ. ಅದೇ ತಡೆ 50 ಓಮ್‌ಗೆ ಏರಿದರೆ ಹರಿಯುವುದು 4.6 ಆಂಪಿಯರ್ ಮಾತ್ರ. ಫ್ಯೂಜು ಸುಡದೆ ಉಳಿಯುತ್ತದೆ, ಯಂತ್ರದ ಮೈಯಲ್ಲಿ ಮೃತ್ಯು ಕುಳಿತಿರುತ್ತದೆ. ಬೇಸಿಗೆಯಲ್ಲಿ ಎರೆಭೂಮಿ ಒಣಗಿ ಬಿರುಕು ಬಿಟ್ಟಾಗ ತಡೆಯು ಹೀಗೆಯೇ ಏರುತ್ತದೆ.

ಆದ್ದರಿಂದ ಕುಳಿಯನ್ನು ಗೋಡೆಯಿಂದ ಸುಮಾರು ಒಂದೂವರೆ ಮೀಟರ್ ದೂರದಲ್ಲಿ ತೋಡಿಸಬೇಕು. ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಕಲಾಯಿ ಮಾಡಿದ ಕಬ್ಬಿಣದ ಕೊಳವೆಯನ್ನು ನೆಟ್ಟು, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬಿಸಬೇಕು. ಬೇಸಿಗೆಯಲ್ಲಿ ಮೇನ್ ಸ್ವಿಚ್ ಆರಿಸಿ ಕುಳಿಗೆ ನೀರುಣಿಸಬೇಕು. ವರ್ಷಕ್ಕೊಮ್ಮೆ ಪರವಾನಿಗೆಯುಳ್ಳ ಕುಶಲಕರ್ಮಿಯಿಂದ ತಡೆಯನ್ನು ಅಳೆಯಿಸುವುದು ಒಳಿತು. ಇದರೊಡನೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಜೋಡಿಸಿದರೆ, ಸೋರಿಕೆಯನ್ನು ಗುರುತಿಸಿ ಅದು ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿಯುತ್ತದೆ. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಎರಡೂ ತಂತಿಗಳನ್ನು ಒಟ್ಟಿಗೆ ಹಿಡಿದವನನ್ನು ಆ ಸಾಧನವೂ ಕಾಯಲಾರದೆಂಬುದು ನೆನಪಿರಲಿ.

ನಮ್ಮ ಹಳ್ಳಿಗಳಲ್ಲಿ ಒಂದು ದುರಭ್ಯಾಸವಿದೆ: ನ್ಯೂಟ್ರಲ್ ಇಲ್ಲದಾಗ ಅರ್ಥಿಂಗ್ ತಂತಿಯನ್ನೇ ಬಳಸಿ ದೀಪ ಹೊತ್ತಿಸುವುದು. ಆ ತಂತಿ ಎಲ್ಲಿಯಾದರೂ ಕಡಿದರೆ ಅದಕ್ಕೆ ಸೇರಿದ ಲೋಹದ ವಸ್ತುಗಳೆಲ್ಲವೂ ವಿದ್ಯುನ್ಮಯವಾಗುತ್ತವೆ. ಬಟ್ಟೆ ಒಣಗಿಸುವ ತಂತಿಯನ್ನು ವಿದ್ಯುತ್ ಕಂಬಕ್ಕೆ ಕಟ್ಟುವುದೂ ಅಷ್ಟೇ ಘಾತಕವು. ಕಾಯಿಲ್ ಇಟ್ಟ ನೀರಿಗೆ ಸ್ವಿಚ್ ಆರಿಸಿ ಪ್ಲಗ್ ಕಿತ್ತ ಹೊರತು ಕೈ ಹಾಕಲಾಗದು.

ಯಾರಿಗಾದರೂ ಆಘಾತವಾದರೆ ಅವರನ್ನು ಮುಟ್ಟದೆ ಮೊದಲು ಮೇನ್ ಆರಿಸಿರಿ. ಅದು ಸಾಧ್ಯವಾಗದಿದ್ದಲ್ಲಿ ಒಣ ನೆಲದ ಮೇಲೆ ನಿಂತು ಒಣಗಿದ ಕಟ್ಟಿಗೆಯಿಂದ ಬಿಡಿಸಿರಿ. ಉಸಿರು ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಗಟ್ಟಿಯಾಗಿ ಒತ್ತುತ್ತಲೇ 108ಕ್ಕೆ ಕರೆ ಮಾಡಿಸಿರಿ.

ಹಬ್ಬ ಬಂದಾಗ ಮನೆಗೆ ಸುಣ್ಣಬಣ್ಣ ಮಾಡಿಸುವುದು ವಾಡಿಕೆ. ಈ ಸಲ ಅದಕ್ಕೂ ಮೊದಲು ಅಂಗಳದ ಕುಳಿಯ ಪರೀಕ್ಷೆಯಾಗಲೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.